ಭಾರವಿಲ್ಲದ ರೆಕ್ಕೆ

ಮಾರ್ಚ್ ೪, ಬುಧವಾರ

ರೆಕ್ಕೆ ತೆರೆಯಲಿಲ್ಲ.

ಬರೆದ ಮೇಲೂ ನಂಬಿಕೆ ಬರುತ್ತಿಲ್ಲ. ನಮ್ಮ ಪರೀಕ್ಷೆಯ ಹಾಲ್‌ನಲ್ಲಿ ಅದು ತೆರೆಯದ ದಿನವೇ ಇರಲಿಲ್ಲ. ಬಿಸಿಯಲ್ಲಿ ತೆರೆದಿತ್ತು, ಕೊರೆಯುವ ಚಳಿಯಲ್ಲಿ ತೆರೆದಿತ್ತು. ಗಡಗಡ ನಡುಗಿಸುವ ಮೇಜಿನ ಮೇಲಿಂದ ಇಳಿಸಿ ತಂದು ತೂಗುಹಾಕಿದಾಗಲೂ ಏನೂ ಆಗಿಲ್ಲವೆಂಬಂತೆ, ಬಿಸಿಲಿನಿಂದ ಕರೆಂಟು ಮಾಡುವ ತನ್ನ ಆರೂ ಹಲಗೆಗಳನ್ನು ಬಿಚ್ಚಿಕೊಂಡು ನಿಂತಿತ್ತು. ಇವತ್ತು ಅಷ್ಟು ಎತ್ತರದಲ್ಲಿ, ಪ್ರಯೋಗಕ್ಕೆಂದೇ ಕಳಿಸಿದ ಆ ಪುಟ್ಟ ಉಪಗ್ರಹದ ಬೆನ್ನ ಮೇಲೆ, ಎರಡು ಹಲಗೆ ಬಿಚ್ಚಿತು. ಮೂರನೆಯದು ಅರ್ಧಕ್ಕೆ ನಿಂತಿತು. ಉಳಿದ ಮೂರು ಮಡಿಚಿಕೊಂಡೇ ಇವೆ.

ನಿಯಂತ್ರಣ ಕೋಣೆಯ ಪರದೆಯ ಮೇಲೆ ಆ ಚಿತ್ರ ಬಂತು. ಹಂಚಲು ತಂದಿದ್ದ ಸಿಹಿಯ ಡಬ್ಬದ ಮುಚ್ಚಳವನ್ನು ಯಾರೋ ಸದ್ದಾಗದಂತೆ ಮುಚ್ಚಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಇವರ ಕಡೆ, ನನ್ನ ಗಂಡನ ಕಡೆ, ತಿರುಗಿದರು. ಹಲಗೆ ಹಲಗೆಯ ನಡುವಿನ ಬಿಜಾಗರಿಗಳು ಇವರ ಕೈಕೆಲಸ. ಅದರೊಳಗಿನ ಸ್ಪ್ರಿಂಗ್ ಇವರದು, ಸವೆಯದಂತೆ ಹಚ್ಚುವ ಒಣ ಲೇಪ ಇವರದು. ಇವರು ಯಾರನ್ನೂ ನೋಡದೆ ಪೆನ್ನಿನ ಕ್ಯಾಪ್ ತೆಗೆಯುವುದು ಹಾಕುವುದು ಮಾಡುತ್ತಿದ್ದರು.

ಮನೆಗೆ ಬರುವಾಗ ಕಾರಿನಲ್ಲಿ ಕೇಳಿದೆ, ಏನಾಗಿರಬಹುದು ಅಂತ.

“ನೀನು ತಲೆ ಕೆಡಿಸ್ಕೋಬೇಡ. ನಾನು ನೋಡ್ಕೋತೀನಿ.”

ಅಷ್ಟು ಕೇಳಿ ಸ್ವಲ್ಪ ಸಮಾಧಾನವಾಯಿತು.

ಮಾರ್ಚ್ ೫, ಗುರುವಾರ

ಬೆಳಿಗ್ಗೆಯಿಂದ ಆಜ್ಞೆ ಕಳಿಸಿದ್ದೇ ಕಳಿಸಿದ್ದು. ಉಪಗ್ರಹವನ್ನು ಬಿಸಿಲಿಗೆ ತಿರುಗಿಸಿದರು, ನೆರಳಿಗೆ ತಿರುಗಿಸಿದರು, ಕುಲುಕಿದರು. ತೆರೆಯಲಿಲ್ಲ.

ಮಾರ್ಚ್ ೯, ಸೋಮವಾರ

ವಿಚಾರಣೆಗೆ ಸಮಿತಿ ಮಾಡಿದ್ದಾರೆ. ಅಧ್ಯಕ್ಷೆ ನಿವೃತ್ತಿಯಾದ ಹಿರಿಯ ಎಂಜಿನಿಯರ್. ಬಿಳಿಗೂದಲು, ಸಣ್ಣ ಧ್ವನಿ, ಪೆನ್ಸಿಲ್ ತುದಿ ಕಚ್ಚುವ ಅಭ್ಯಾಸ. ಅವರು ನಮ್ಮ ಹಾಲ್‌ಗೆ ಬಂದು ನನ್ನ ದಾರಗಳನ್ನು ಕತ್ತೆತ್ತಿ ನೋಡುತ್ತ ಬಹಳ ಹೊತ್ತು ನಿಂತರು.

ಹಾಲ್‌ನಲ್ಲಿ ನನ್ನನ್ನು ಎಲ್ಲರೂ ದಾರದಕ್ಕ ಎನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು, ಈಗ ಹಾಗೆ ಕರೆಯದಿದ್ದರೆ ಏನೋ ಎಡವಟ್ಟಾಗಿದೆ ಅನ್ನಿಸುತ್ತದೆ. ನನ್ನ ಕೆಲಸ ಭೂಮಿಯ ಮೇಲೆ ಭಾರವನ್ನು ಇಲ್ಲದ ಹಾಗೆ ಮಾಡುವುದು. ಮೇಲೆ ಹೋದಾಗ ರೆಕ್ಕೆಗೆ ತೂಕವಿರುವುದಿಲ್ಲ. ಅದಕ್ಕೇ ಬಿಜಾಗರಿಯ ಸ್ಪ್ರಿಂಗ್‌ಗಳು ಮಗುವಿನ ಬೆರಳಿನಷ್ಟು ಮೆತ್ತಗಿವೆ. ಆದರೆ ಇಲ್ಲಿ ಹಾಗೇ ಬಿಟ್ಟರೆ ರೆಕ್ಕೆ ತನ್ನ ತೂಕಕ್ಕೆ ತಾನೇ ಮುರಿದುಬೀಳುತ್ತದೆ. ಹಾಗಾಗಿ ಮೇಲ್ಛಾವಣಿಗೆ ಒಂದು ಉದ್ದನೆಯ ಹಳಿ, ಹಳಿಯ ಮೇಲೆ ಆರು ಪುಟ್ಟ ಟ್ರಾಲಿ, ಒಂದೊಂದು ಟ್ರಾಲಿಯಿಂದ ಒಂದೊಂದು ಹಲಗೆಗೆ ಇಳಿಬಿಟ್ಟ ತೆಳ್ಳನೆಯ ಉಕ್ಕಿನ ತಂತಿ. ನಾವು ಅದನ್ನು ದಾರ ಅನ್ನುತ್ತೇವೆ. ಹಲಗೆಯ ಭಾರವೆಲ್ಲ ದಾರ ಹೊರುತ್ತದೆ, ಹಲಗೆ ಬಿಚ್ಚಿಕೊಂಡ ಹಾಗೆ ಟ್ರಾಲಿ ಅದರ ಹಿಂದೆ ಹೋಗುತ್ತದೆ. ದಾರ ಹೊರಬೇಕು, ತಳ್ಳಬಾರದು, ಎಳೆಯಬಾರದು. ಹಳಿಯ ಮಟ್ಟ ನೋಡಲು ನಾನು ಪ್ರತಿ ಪರೀಕ್ಷೆಗೂ ಮುಂಚೆ ಏಣಿ ಹತ್ತಿ ಉದ್ದಕ್ಕೂ ರಸಮಟ್ಟ ಇಟ್ಟು, ಗುಳ್ಳೆ ನಟ್ಟನಡುವೆ ನಿಂತ ಮೇಲೆಯೇ ಇಳಿಯುವುದು.

ಅಧ್ಯಕ್ಷೆ “ಚೆನ್ನಾಗಿದೆ” ಎಂದರು. ಒಳಗೊಳಗೇ ಹಿಗ್ಗಿದೆ. ಇಂಥ ಹೊತ್ತಿನಲ್ಲೂ!

ಮಾರ್ಚ್ ೧೨, ಗುರುವಾರ

ಸಮಿತಿಯ ಮುಂದೆ ಕರೆದಿದ್ದರು, ಇಬ್ಬರನ್ನೂ ಒಟ್ಟಿಗೆ. ಅಧ್ಯಕ್ಷೆ ನನ್ನ ಕಡೆ ತಿರುಗಿ, ದಾರದಿಂದ ಏನಾದರೂ ವ್ಯತ್ಯಾಸ ಆಗುವ ಸಾಧ್ಯತೆ ಇದೆಯೇ ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಇವರು ಹೇಳಿಬಿಟ್ಟರು.

“ದಾರದ್ದು ಏನೂ ತೊಂದ್ರೆ ಇಲ್ಲ ಮೇಡಂ. ಅದ್ರಲ್ಲಿ ಅವಳನ್ನ ಮೀರಿಸೋರಿಲ್ಲ. ಲೇಪ ನಂದು. ಶೂನ್ಯದಲ್ಲಿ ಅದು ಗಟ್ಟಿಯಾಗಿ ಬಿಜಾಗರಿ ಹಿಡ್ಕೊಂಡಿರ್ಬೇಕು. ತಪ್ಪಿದ್ರೆ ಅದು ನಂದೇ.”

ನನಗೆ ಸಿಡಿಲು ಬಡಿದಂತಾಯಿತು. ಆ ಲೇಪವನ್ನು ಒರೆಹಚ್ಚಿ ನೋಡಲು ಇವರು ಊಟ ನಿದ್ದೆ ಬಿಟ್ಟಿದ್ದರು. ನಿರ್ವಾತದ ಪೆಟ್ಟಿಗೆಯಲ್ಲಿ ಸಾವಿರಾರು ಸಲ ಬಿಜಾಗರಿ ತಿರುಗಿಸಿ, ಲೇಪ ಗುಲಗಂಜಿಯಷ್ಟೂ ಕೆಡುವುದಿಲ್ಲವೆಂದು ಎದೆ ತಟ್ಟಿ ಹೇಳುತ್ತಿದ್ದವರು, ಯಾರೂ ಬೆರಳು ತೋರಿಸುವ ಮೊದಲೇ ತಾವೇ ತಲೆ ಒಡ್ಡಿದ್ದಾರೆ. ಸಮಿತಿಯವರೆಲ್ಲ ಒಟ್ಟಿಗೆ ಬರೆದುಕೊಳ್ಳತೊಡಗಿದರು.

ನನ್ನ ಪರವಾಗಿ ಇವರೇ ಮಾತಾಡಿದ್ದು ಒಳ್ಳೆಯದೇ ಆಯಿತು. ನನಗೆ ಸಭೆಯಲ್ಲಿ ನಾಲಗೆ ಹೊರಳುವುದಿಲ್ಲ.

ಮಾರ್ಚ್ ೧೩, ಶುಕ್ರವಾರ

ಅತ್ತೆ ಬೆಳಿಗ್ಗೆ ಕಾಫಿ ಲೋಟ ಕುಕ್ಕಿ ಕೇಳಿದರು, “ಅವನು ಯಾಕೆ ಹಾಗೆ ಮೈಮೇಲೆ ಎಳ್ಕೊಂಡ? ಚಿಕ್ಕೋನಿದ್ದಾಗ ಇಂಕು ಚೆಲ್ಲಿದ್ರೆ ಬೆಕ್ಕಿನ ಮೇಲೆ ಹೇಳ್ತಿದ್ದ. ನಮ್ಮನೇಲಿ ಬೆಕ್ಕೇ ಇರ್ಲಿಲ್ಲ.”

ನಗು ಬಂತು. ಆದರೆ ನಿಜವಾಗಿಯೂ ಲೇಪ ಕೆಟ್ಟಿರಬಹುದೇ? ಇವರ ಕೈಯನ್ನು ನಾನು ಅನುಮಾನದಿಂದ ನೋಡಿದ್ದು ಇದೇ ಮೊದಲು. ಛೆ!

ಮಾರ್ಚ್ ೧೯, ಗುರುವಾರ

ತೀರ್ಮಾನ ಬಂತು. ತಪ್ಪು ಲೇಪದ್ದು. ಇವರನ್ನು ಉಗ್ರಾಣದ ಉಸ್ತುವಾರಿಗೆ ಹಾಕಿದ್ದಾರೆ. ಬಿಜಾಗರಿ ಮುಟ್ಟುವ ಹಾಗಿಲ್ಲ. ಮೊನ್ನೆಯವರೆಗೆ ಇವರ ಬೆನ್ನು ಬಿಡದೆ ಸುತ್ತುತ್ತಿದ್ದವರು ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಬೇರೆ ಮೇಜಿಗೆ ಹೋದರು. ನಾನು ದಂಗುಬಡಿದು ನೋಡುತ್ತ ನಿಂತೆ. ಇವರು ಎದುರಿಗೆ ಕೂತು ನೆಮ್ಮದಿಯಾಗಿ ಊಟ ಮಾಡಿದರು. ಉಪ್ಪು ಕಡಿಮೆ ಎಂದೂ ಹೇಳಿದರು!

ಮೇಲೆ ಸಿಕ್ಕಿಕೊಂಡಿರುವ ರೆಕ್ಕೆಗೆ ಒಂದು ಅವಳಿ ಇದೆ. ಅದು ದೊಡ್ಡ ನೌಕೆಗೆ. ಮುಂದೊಂದು ದಿನ ಮನುಷ್ಯರು ಹೋಗಬೇಕಾದ ಜಾಗಕ್ಕೆ ಆ ನೌಕೆ ಮೊದಲು ಹೋಗಿ, ಅಲ್ಲಿ ಕರೆಂಟು, ಗಾಳಿ, ನೀರಿನ ಯಂತ್ರಗಳನ್ನು ನಡೆಸಿ ತೋರಿಸಬೇಕು. ರೆಕ್ಕೆ ತೆರೆದರೆ ಮಾತ್ರ ಕರೆಂಟು. ತೆರೆಯದಿದ್ದರೆ ನೌಕೆ ಅಷ್ಟು ದೂರ ಹೋಗಿ ಕಲ್ಲಾಗುತ್ತದೆ. ಅವಳಿಯ ಬಿಜಾಗರಿಗಳಿಗೆ ಹೊಸ ಲೇಪ ಬಳಿದು, ಇನ್ನೊಂದೇ ಒಂದು ಪರೀಕ್ಷೆ ಮಾಡಿ ಪ್ಯಾಕ್ ಮಾಡುವುದೆಂದು ಆಗಿದೆ. ಹಳಿ, ದಾರ ಎಲ್ಲ ನನ್ನ ಜವಾಬ್ದಾರಿ.

ಉಗ್ರಾಣ ಊರಾಚೆ ಇದೆ, ಕಾರು ಇವರಿಗೆ ಬೇಕು. ನಾಳೆಯಿಂದ ನಾನು ಬಸ್ಸಿನಲ್ಲಿ ಹೋಗಬೇಕು. ಯಾವ ಬಸ್ಸು ಎಂದೇ ಗೊತ್ತಿಲ್ಲ.

ಮಾರ್ಚ್ ೨೪, ಮಂಗಳವಾರ

ಇವತ್ತು ನಡೆದದ್ದನ್ನು ಹೇಗೆ ಬರೆಯಲಿ?

ಅವಳಿಯನ್ನು ತರುವ ಮೊದಲು ತಾಲೀಮು ನಡೆಸುತ್ತೇವೆ. ಹಲಗೆಯ ಬದಲು ಅಷ್ಟೇ ತೂಕದ ಮರಳುಚೀಲಗಳನ್ನು ದಾರಕ್ಕೆ ಕಟ್ಟಿ, ದಾರ ತಾಳುತ್ತದೆಯೇ ನೋಡುವುದು. ಚೀಲ ಕಟ್ಟುವಾಗ ಟ್ರಾಲಿಗಳಿಗೆ ಉರುಳದಂತೆ ಯಾವಾಗಲೂ ಬೀಗ ಹಾಕಿರುತ್ತದೆ, ಚೀಲ ಬಿಚ್ಚಿದ ಮೇಲೆಯೇ ಬೀಗ ತೆಗೆಯುವುದು. ಇವತ್ತು ಮೂರನೆಯ ಟ್ರಾಲಿಯ ಬೀಗಕ್ಕೆ ತುಕ್ಕು ಹತ್ತಿತ್ತು ಅಂತ ಅದನ್ನು ಬದಲಿಸಲು ತೆಗೆದಿದ್ದೆ. ಅಷ್ಟರಲ್ಲಿ ಫೋನ್ ಬಂತು. ಅತ್ತೆ. ಗ್ಯಾಸ್ ಮುಗಿದಿದೆಯಂತೆ. ಚೀಲವನ್ನು ಅಲುಗದಂತೆ ನಿಲ್ಲಿಸಿ, ಎರಡು ಹೆಜ್ಜೆ ಆಚೆ ಹೋಗಿ ಮಾತಾಡಿ ತಿರುಗಿದೆ.

ಚೀಲ ನಾನು ಬಿಟ್ಟ ಜಾಗದಲ್ಲಿ ಇರಲಿಲ್ಲ.

ನನ್ನ ಕಣ್ಣೆದುರೇ ಮೆಲ್ಲಗೆ, ಯಾರೂ ಮುಟ್ಟದೆ, ಹಾಲ್‌ನ ನಡುವಿನ ಕಡೆಗೆ ಹೋಗುತ್ತಿತ್ತು. ಫ್ಯಾನ್ ಇಲ್ಲ, ಕಿಟಕಿ ಇಲ್ಲ. ಹಿಡಿದು ತಂದು ಮತ್ತೆ ನಿಲ್ಲಿಸಿದೆ. ಮತ್ತೆ ಹೊರಟಿತು, ಮನೆಗೆ ಹೋಗುವ ಹಸುವಿನ ಹಾಗೆ ನಿಧಾನವಾಗಿ. ನಾಲ್ಕೈದು ಸಲ ಹಾಗೇ ಮಾಡಿ ನೋಡಿದೆ. ಕೊನೆಗೆ ನೆಲದ ಮೇಲೇ ಕೂತುಬಿಟ್ಟೆ.

ಮಾರ್ಚ್ ೨೫, ಬುಧವಾರ

ರಾತ್ರಿಯೆಲ್ಲ ಅದೇ ಚೀಲ ಕಣ್ಣ ಮುಂದೆ. ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ.

ಸುರಕ್ಷತೆಯ ಅಧಿಕಾರಿಗೆ ನಾವು ಗಡಿಯಾರ ಎಂದು ಹೆಸರಿಟ್ಟಿದ್ದೇವೆ, ಒಂದು ನಿಮಿಷ ಹಿಂದೆ ಮುಂದೆ ಆಗದ ಮನುಷ್ಯ. ಅವರದೊಂದು ಕಟ್ಟಪ್ಪಣೆ: ರೆಕ್ಕೆ ತೂಗುತ್ತಿರುವಾಗ ಅದಕ್ಕಿಂತ ಮೇಲಕ್ಕೆ ಯಾರೂ ಹತ್ತುವಂತಿಲ್ಲ, ಏನನ್ನೂ ಒಯ್ಯುವಂತಿಲ್ಲ. ಒಂದು ಸ್ಕ್ರೂ ಬಿದ್ದರೂ ಹಲಗೆಯ ಗಾಜು ಒಡೆದು ಚೂರಾಗುತ್ತದೆ. ನನ್ನ ಕಿವಿಯೋಲೆ ಕೂಡ ಬಿಚ್ಚಿಸುತ್ತಿದ್ದರು. ಅಪ್ಪಣೆ ಸರಿಯಾದದ್ದೇ. ಅದಕ್ಕೇ ನಾವೆಲ್ಲ ಹಳಿಯ ಮಟ್ಟವನ್ನು ಬರಿದಾಗಿದ್ದಾಗ ನೋಡಿ, ಇಳಿದು, ಏಣಿ ಹೊರಗೆ ಸಾಗಿಸಿ, ಆಮೇಲೆ ರೆಕ್ಕೆ ತೂಗುಹಾಕುವುದು. ತೂಗುಹಾಕಿದ ಮೇಲೆ ಹಳಿ ಹೇಗಿದೆ ಎಂದು ಯಾರೂ ನೋಡಿಲ್ಲ. ನೋಡುವುದಕ್ಕೆ ದಾರಿಯೇ ಇರಲಿಲ್ಲ. ನೋಡಬೇಕು ಅಂತ ಹೊಳೆದೂ ಇರಲಿಲ್ಲ.

“ಇವತ್ತು ತೂಗ್ತಿರೋದು ಮರಳು ಸಾರ್. ಒಡೆಯೋದೇನಿದೆ? ನಾನು ಹತ್ತಲೇಬೇಕು,” ಎಂದೆ.

ಗಡಿಯಾರ ನನ್ನ ಮುಖ ನೋಡಿ ಏಣಿ ತಾವೇ ಹಿಡಿದರು.

ಆರೂ ಚೀಲ ತೂಗುತ್ತಿರುವಾಗ ಹಳಿಯ ಮೇಲೆ ರಸಮಟ್ಟ ಇಟ್ಟೆ. ಗುಳ್ಳೆ ನಡುವಿನಲ್ಲಿ ನಿಲ್ಲಲಿಲ್ಲ. ಭಾರಕ್ಕೆ ಹಳಿ ಕೂದಲೆಳೆಯಷ್ಟು ಬಾಗಿದೆ. ನೆಲದಿಂದ ನೋಡಿದರೆ ಏನೂ ಕಾಣುವುದಿಲ್ಲ. ಆದರೆ ಆ ಮೆತ್ತನೆಯ ಸ್ಪ್ರಿಂಗ್‌ಗಳಿಗೆ ಅಷ್ಟು ಇಳಿಜಾರು ಬೇಕಾದಷ್ಟಾಯಿತು. ಟ್ರಾಲಿ ರೆಕ್ಕೆಯ ಹಿಂದೆ ಹೋಗಿಲ್ಲ. ರೆಕ್ಕೆಯ ಮುಂದೆ ಉರುಳುತ್ತ ಅದನ್ನು ಎಳೆದುಕೊಂಡು ಹೋಗಿದೆ. ಪ್ರತಿ ಪರೀಕ್ಷೆಯಲ್ಲೂ! ನಾವು ಚಪ್ಪಾಳೆ ತಟ್ಟಿದ ಪ್ರತಿ ಸಲವೂ!

ಲೇಪದಲ್ಲಿ ಏನೂ ತಪ್ಪಿಲ್ಲ. ಮೂರನೆಯ ಬಿಜಾಗರಿಯ ಸ್ಪ್ರಿಂಗ್‌ಗೆ ಶಕ್ತಿ ಸಾಲದು, ಅದನ್ನು ನನ್ನ ದಾರ ಇಷ್ಟು ದಿನ ಮುಚ್ಚಿಟ್ಟಿದೆ. ಹೊಸ ಲೇಪ ಬಳಿದ ಅವಳಿಯೂ ಇದೇ ಹಳಿಯ ಮೇಲೆ ಸಲೀಸಾಗಿ ತೆರೆಯುತ್ತಿತ್ತು, ನಾವು ಮತ್ತೆ ಸಿಹಿ ತರಿಸುತ್ತಿದ್ದೆವು, ಅದು ಹೋಗಿ ಅಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಏಣಿಯಿಂದ ಹೇಗೆ ಇಳಿದೆನೋ ನೆನಪಿಲ್ಲ. ಗಡಿಯಾರ ನೀರು ತಂದುಕೊಟ್ಟರು.

ಮಾರ್ಚ್ ೨೬, ಗುರುವಾರ

ನಿನ್ನೆ ಬರೆದು ಮುಗಿಸಿದ ಮೇಲೆ ಇವರಿಗೆ ಹೇಳಿದೆ. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದರು. ನಾನು ಅಳುತ್ತ, ತೊದಲುತ್ತ, ಚೀಲ ಉರುಳಿದ್ದರಿಂದ ಹಿಡಿದು ಗುಳ್ಳೆಯವರೆಗೆ ಎಲ್ಲ ಒದರಿದೆ. ನಿಮ್ಮ ತಪ್ಪೇ ಅಲ್ಲ, ನಿಮ್ಮ ಲೇಪ ಚಿನ್ನದಂಥದ್ದು, ಎಲ್ಲ ನನ್ನ ದಾರದ್ದು ಎಂದೆ. ಇವರು ಕುಣಿದಾಡುತ್ತಾರೆ, ಇಲ್ಲ ಕೂಗಾಡುತ್ತಾರೆ, ಎರಡರಲ್ಲಿ ಒಂದು ಅಂದುಕೊಂಡಿದ್ದೆ.

ಲೋಟ ಒರೆಸಿ ಸ್ಟ್ಯಾಂಡಿಗೆ ಇಟ್ಟರು. “ಗೊತ್ತು,” ಎಂದರು.

“ಏನ್ ಗೊತ್ತು?”

“ಅವತ್ತು ಸಮಿತಿಗೆ ಮುಂಚೆ ಹಳೇ ವೀಡಿಯೊ ಎಲ್ಲಾ ಹಾಕ್ಕೊಂಡು ನೋಡ್ದೆ. ದಾರದ ಮೇಲ್ತುದಿ ಹಲಗೆಗಿಂತ ಮುಂದೆ ವಾಲಿತ್ತು. ಬರೀ ಹೊರ್ತಾ ಇದ್ದಿದ್ರೆ ಹಿಂದೆ ವಾಲ್ಬೇಕಿತ್ತು. ಎಲ್ಲಾ ವೀಡಿಯೊದಲ್ಲೂ ಹಾಗೇ ಇದೆ.”

ನನಗೆ ಒಂದು ಕ್ಷಣ ಕಿವಿ ಕೇಳಿಸಲಿಲ್ಲ. ಇವರು ಏನೋ ಹೇಳುತ್ತಲೇ ಇದ್ದರು.

“...ನಿನ್ನ ಹೆಸರು ಬಂದ್ರೆ ನೀನು ತಡ್ಕೋತಿರ್ಲಿಲ್ಲ. ನಂಗಾದ್ರೆ ಚರ್ಮ ದಪ್ಪ. ಅದಕ್ಕೇ ನಾನು ನೋಡ್ಕೊಂಡೆ.”

“ಮತ್ತೆ ಅವಳಿ? ಅದೂ ಸಿಕ್ಕಾಕ್ಕೊಳ್ಳುತ್ತೆ ಅಂತ ಗೊತ್ತಿರ್ಲಿಲ್ವಾ ನಿಮ್ಗೆ?”

ಇವರು ಇನ್ನೊಂದು ಲೋಟ ಎತ್ತಿಕೊಂಡು ಒರೆಸತೊಡಗಿದರು.

“ರೀ, ಕೇಳ್ತಿದೀನಿ. ಅವಳಿ?”

“ಪ್ಯಾಕ್ ಮಾಡೋಕೆ ಮುಂಚೆ ಏನಾದ್ರೂ ಮಾಡೋಣ ಅಂತಿದ್ದೆ. ಹೊಸ ಹುಡುಗ್ರಿಗೆ ಹೇಳಿ ಗುಟ್ಟಾಗಿ ಸ್ಪ್ರಿಂಗ್ ಬದಲಾಯಿಸಿದ್ರೆ...”

ನನ್ನ ಗಂಡ! ಒಂದು ನಟ್ಟಿನ ಬಿಗಿ ಸ್ವಲ್ಪ ಹೆಚ್ಚುಕಡಿಮೆಯಾದರೆ ಇಡೀ ಪೆಟ್ಟಿಗೆ ಬಿಚ್ಚಿಸುತ್ತಿದ್ದ ಮನುಷ್ಯ! ಕೃತಜ್ಞತೆ ಬರಬೇಕಿತ್ತೇನೋ. ಬರಲಿಲ್ಲ. ಮೈ ಉರಿದುಹೋಯಿತು. ನನ್ನ ಕೆಲಸದಲ್ಲಿ ತಪ್ಪಿದೆ ಎಂದು ನನಗಿಂತ ಮೊದಲು ತಿಳಿದುಕೊಂಡು, ಪಕ್ಕದಲ್ಲೇ ಮಲಗೆದ್ದು, ಉಪ್ಪು ಕಡಿಮೆ ಎನ್ನುತ್ತ ಕೂತಿದ್ದರು. ಹಾಗಂತ ಹೇಳಿದೆ, ಗಟ್ಟಿಯಾಗಿಯೇ. ನಾಳೆಯೇ ಅಧ್ಯಕ್ಷೆಗೆ ಎಲ್ಲ ತಿಳಿಸುತ್ತೇನೆ ಎಂದೂ ಹೇಳಿದೆ. ಅತ್ತೆ ಕೋಣೆಯಿಂದ ಬಂದು ಬಾಗಿಲಲ್ಲೇ ನಿಂತರು, ಯಾರ ಪರವೂ ವಹಿಸಲಿಲ್ಲ.

“ನಾಳೆ ಬೇಡ. ಸ್ವಲ್ಪ ತಾಳು, ನಾನು ಹೇಗೋ ಹೇಳ್ತೀನಿ ಅವರಿಗೆ,” ಎಂದರು ಇವರು.

“ಬೇಡ.”

ಇವತ್ತು ಬೆಳಿಗ್ಗೆ ಅಧ್ಯಕ್ಷೆಗೆ ಫೋನ್ ಮಾಡಿ ಸಮಯ ಕೇಳಿದೆ.

ಮಾರ್ಚ್ ೨೭, ಶುಕ್ರವಾರ

ಹೇಳಿದೆ. ಹಳಿ, ಚೀಲ, ಗುಳ್ಳೆ ಎಲ್ಲ ಹೇಳಿದೆ. ಯಾರಿಗೆ ಮೊದಲೇ ಗೊತ್ತಿತ್ತು ಎಂಬುದನ್ನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಅಧ್ಯಕ್ಷೆಯ ಬಾಯಿಯಿಂದ ಪೆನ್ಸಿಲ್ ಕೆಳಗೆ ಬಿತ್ತು, ಅದನ್ನು ಎತ್ತಿಕೊಳ್ಳಲಿಲ್ಲ. ಸದಸ್ಯರೊಬ್ಬರು ಬಿಳಿಚಿಕೊಂಡು, “ಅಂದ್ರೆ ನಾವು ಇಷ್ಟು ವರ್ಷ ಪರೀಕ್ಷೆ ಮಾಡಿದ್ದು ರೆಕ್ಕೇನಲ್ಲ, ಹಳೀನಾ?” ಎಂದರು. ನಗಬೇಕೋ ಅಳಬೇಕೋ ತಿಳಿಯದೆ ಎಲ್ಲರೂ ಮುಖ ಮುಖ ನೋಡಿಕೊಂಡರು.

ಹಳಿಗೆ ನಡುವೆ ಆಧಾರ ಕೊಟ್ಟು, ಭಾರ ತೂಗುತ್ತಿರುವಾಗಲೇ ಮಟ್ಟ ಮಾಡಿ, ಸೋಮವಾರ ಅವಳಿಯನ್ನು ಪರೀಕ್ಷಿಸುವುದು. ಹೇಗೆ ಮಾಡಬೇಕೆಂದು ನನ್ನನ್ನೇ ಕೇಳಿದರು, ಹೇಳಿದೆ. ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದೆ. ಹೊರಬಂದು ನೋಡಿದರೆ ಊಟದ ಹೊತ್ತು ಮೀರಿಹೋಗಿತ್ತು.

ಮಾರ್ಚ್ ೨೮, ಶನಿವಾರ

ಅತ್ತೆ ನಮ್ಮಿಬ್ಬರಿಗೂ ಬೇರೆಬೇರೆಯಾಗಿ ಬಡಿಸಿದರು.

ಮಾರ್ಚ್ ೩೦, ಸೋಮವಾರ

ಬಿಜಾಗರಿ ಮಾಡಿದವರು ಎದುರಿಗೇ ಇರಲಿ ಎಂದು ಇವರನ್ನೂ ಉಗ್ರಾಣದಿಂದ ಕರೆಸಿದ್ದರು. ಕೈಗೆ ಕೆಲಸವಿಲ್ಲದೆ ಗೋಡೆಗೆ ಒರಗಿ ನಿಂತಿದ್ದರು. ಹಳಿ ಮಟ್ಟವಾಗಿತ್ತು, ನಾನೇ ನೋಡಿದ್ದೆ. ಬೀಗ ಕಳಚಿದರು.

ಒಂದನೆಯ ಹಲಗೆ. ಎರಡನೆಯದು. ಮೂರನೆಯದು, ಹೊಸ ಲೇಪ ಬಳಿದಿದ್ದರೂ, ಹೊರಟು ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಮೇಲಿಂದ ಬಂದ ಆ ಚಿತ್ರದಲ್ಲಿ ಹೇಗಿತ್ತೋ ಹಾಗೇ, ಅಷ್ಟೇ ಓರೆಯಾಗಿ. ನನಗೆ ಮೈಯೆಲ್ಲ ಮುಳ್ಳೆದ್ದಿತು. ಇನ್ನೊಂದು ಕ್ಷಣಕ್ಕೆ ಹಾಲ್‌ನಲ್ಲಿ ಚಪ್ಪಾಳೆ ಶುರುವಾಯಿತು! ತೆರೆಯದ ರೆಕ್ಕೆಗೆ ಚಪ್ಪಾಳೆ! ಗಡಿಯಾರ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಮಾತ್ರ ಗರಬಡಿದವಳ ಹಾಗೆ ನಿಂತಿದ್ದೆ.

ಚಪ್ಪಾಳೆ ನಿಂತ ಮೇಲೆ ಅಧ್ಯಕ್ಷೆ ತಮ್ಮ ಸಣ್ಣ ಧ್ವನಿಯಲ್ಲಿ ಕೇಳಿದರು, “ಇದು ಇನ್ಯಾರಿಗಾದ್ರೂ ಮೊದಲೇ ಗೊತ್ತಿತ್ತಾ?”

ನನ್ನನ್ನೇ ನೋಡಿ ಕೇಳಿದರು. ಇಲ್ಲ ಎಂದು ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಇವರಿಗೆ ಹಳೆಯ ಕುರ್ಚಿ, ಹಳೆಯ ಗೌರವ ಎಲ್ಲ ನಾಳೆಯೇ ವಾಪಸ್ಸು. ಗೊತ್ತಿತ್ತು ಎಂದರೆ ಕೆಲಸವೇ ಹೋಗಬಹುದು. ನಾನು ಎರಡನ್ನೂ ಹೇಳಲಿಲ್ಲ. ಇವರ ಕಡೆ ನೋಡಲೂ ಇಲ್ಲ.

“ನಂಗೆ ಗೊತ್ತಿತ್ತು,” ಎಂದರು ಇವರು, ಗೋಡೆಯ ಪಕ್ಕದಿಂದ.

ಎಲ್ಲರೂ ತಿರುಗಿದರು. ಅಧ್ಯಕ್ಷೆ ಕೂಗಾಡಲಿಲ್ಲ.

“ಯಾಕ್ರೀ ಹೇಳ್ಲಿಲ್ಲ?”

“ಇವಳ ಹೆಸರು ಕೆಡುತ್ತೆ ಅಂತ. ಇವಳಿಗೋಸ್ಕರ.”

ಅಧ್ಯಕ್ಷೆ ನನ್ನ ಕಡೆ ತಿರುಗಿದರು. “ನಿಮ್ಮನ್ನ ಕೇಳಿದ್ರಾ?”

“ಇಲ್ಲ,” ಎಂದೆ. ಅಷ್ಟು ಗಟ್ಟಿಯಾಗಿ ಬರುತ್ತದೆ ಅಂದುಕೊಂಡಿರಲಿಲ್ಲ. ಹಾಲ್‌ನ ಆ ತುದಿಗೂ ಕೇಳಿಸಿರಬೇಕು.

ಮಾರ್ಚ್ ೩೧, ಮಂಗಳವಾರ

ಆದೇಶ ಬಂತು. ಇವರ ಕೆಲಸ ಉಳಿದಿದೆ, ಅಧಿಕಾರ ಹೋಗಿದೆ. ಬಿಜಾಗರಿಯನ್ನು ಇವರಷ್ಟು ಬಲ್ಲವರು ಬೇರೆ ಇಲ್ಲವಾದ್ದರಿಂದ ಹಾಲ್‌ಗೆ ವಾಪಸ್ಸು, ಆದರೆ ನೌಕೆ ಹೊರಡುವವರೆಗೆ ಇವರು ಮಾಡಿದ ಯಾವುದಕ್ಕೂ ನನ್ನ ರುಜು ಇಲ್ಲದೆ ಬೆಲೆಯಿಲ್ಲ. ಓದಿ ಬೆಚ್ಚಿಬಿದ್ದೆ. ಇವರು ಓದಿ, ಮಡಚಿ, ಜೇಬಿನಲ್ಲಿಟ್ಟುಕೊಂಡರು.

ಮನೆಗೆ ಬಂದಾಗ ಅತ್ತೆ, “ಏನಾಯ್ತು, ತೆರೀತಾ ಅದು?” ಎಂದರು. ನಿನ್ನೆ ಯಾರೂ ಅವರಿಗೆ ಹೇಳಿಯೇ ಇರಲಿಲ್ಲ.

“ಇಲ್ಲ ಅತ್ತೆ, ತೆರೀಲಿಲ್ಲ. ಅದ್ರಿಂದ್ಲೇ ಬಚಾವಾದ್ವಿ.”

“ನಿಮ್ಮ ಆಫೀಸು ನಂಗೆ ಅರ್ಥ ಆಗೋದಲ್ಲ,” ಎಂದು ಅವರು ಎದ್ದುಹೋದರು.

ಊಟದ ಮೇಜಿನ ಮೇಲೆ ಇವರು ಹಳೆಯ ಲಕೋಟೆಯೊಂದರ ಹಿಂದೆ ಏನೋ ಗೀಚುತ್ತಿದ್ದರು. ನಾನು ತಟ್ಟೆ ಎತ್ತಿಕೊಂಡು ಹೊರಟಾಗ ಅದನ್ನು ನನ್ನ ಕಡೆ ತಿರುಗಿಸಿಟ್ಟರು. ಮೂರನೆಯ ಬಿಜಾಗರಿಯ ಚಿತ್ರ.

“ಇಲ್ಲಿ ಇನ್ನೊಂದು ಸ್ಪ್ರಿಂಗ್ ಕೂರಿಸ್ಬೇಕು ಅಂತಿದೀನಿ. ಜೋರಾದ್ರೆ ಹಲಗೆ ಬಡ್ಕೊಂಡು ಗಾಜು ಒಡೆಯುತ್ತೆ. ನೀನೇನಂತೀಯ?”

ಆದೇಶ ಬಂದಿದೆ ಅಂತ ಕೇಳಿದರೋ, ತಾವಾಗಿಯೇ ಕೇಳಿದರೋ ತಿಳಿಯಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಇಷ್ಟು ಬೇಗ ಇಳಿಯುವಂಥದ್ದೂ ಅಲ್ಲ. ಆದರೆ ತಟ್ಟೆ ಹಿಡಿದು ನಿಂತುಬಿಟ್ಟೆ, ಮೇಲೆ ರೆಕ್ಕೆ ಸಿಕ್ಕಿಕೊಂಡ ದಿನವೂ ಇಷ್ಟು ಬೆರಗಾಗಿರಲಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಇವರ ಬಾಯಲ್ಲಿ ಆ ಪ್ರಶ್ನೆ ಕೇಳಿದ ನೆನಪಿಲ್ಲ.

ತಟ್ಟೆ ಕೆಳಗಿಟ್ಟು ಕುರ್ಚಿ ಎಳೆದುಕೊಂಡೆ. “ಪೆನ್ನು ಕೊಡಿ ಇಲ್ಲಿ,” ಎಂದೆ.